ಆಪ್ತಸಲಹೆ ಪ್ರಕರಣ: ಅಮ್ಮನಿಗೆ ಫಿಸ್ಟುಲಾ ಬೇಕಾ?

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಆಕೆಗೆ 81 ವರ್ಷ. ಹಳೇ ಸಕ್ಕರೆ ಕಾಯಿಲೆ, ಹೃದಯ ದುರ್ಬಲ, ವಾಕರ್ ಇಲ್ಲದೆ ನಡೆಯಲಾರರು. ಕಿಡ್ನಿ ಕೈಕೊಟ್ಟಿದ್ದರಿಂದ ಕುತ್ತಿಗೆಗೆ ತಾತ್ಕಾಲಿಕ ಕ್ಯಾತಿಟರ್ (ರಕ್ತನಾಳದೊಳಗೆ ಇಡುವ ಕೊಳವೆ) ಹಾಕಿ ಡಯಾಲಿಸಿಸ್ ಶುರು ಮಾಡಿದ್ದರು. ಮುಂದೆ ಡಯಾಲಿಸಿಸ್ ಯಂತ್ರಕ್ಕೆ ರಕ್ತ ಹರಿಸಲು ಯಾವ ದಾರಿ ಅನ್ನುವುದಕ್ಕೆ ಮಕ್ಕಳಲ್ಲಿ ಜಗಳ. "ಫಿಸ್ಟುಲಾನೇ ಒಳ್ಳೇದಂತೆ, ಅದನ್ನೇ ಮಾಡಿಸೋಣ" ಎಂದು ಮಗ. "ಈ ವಯಸ್ಸಲ್ಲಿ ಇನ್ನೊಂದು ಆಪರೇಷನ್ ಯಾಕೆ?" ಎಂದು ಮಗಳು. ಅಮ್ಮ ಸುಮ್ನೆ ಕೂತಿದ್ದರು.

ಮಗನ ಮಾತು ಸುಳ್ಳಲ್ಲ. ಕೈಯ ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡುವ ಫಿಸ್ಟುಲಾದಲ್ಲಿ ಸೋಂಕು ಕಡಿಮೆ, ಕೂಡಿಬಂದರೆ ವರ್ಷಗಟ್ಟಲೆ ಬಾಳುತ್ತದೆ. ಆದರೆ ಅದು ಡಯಾಲಿಸಿಸ್ ಸೂಜಿ ಚುಚ್ಚಲು ತಯಾರಾಗಲು ವಾರಗಳಲ್ಲ, ಎಷ್ಟೋ ಸಲ ತಿಂಗಳುಗಳೇ ಬೇಕು. ವಯಸ್ಸಾದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆಯಿಂದ ರಕ್ತನಾಳ ಸೊರಗಿದವರಲ್ಲಿ, ತಯಾರಾಗದೇ ಉಳಿಯುವುದು ಜಾಸ್ತಿ. ಆಗ ಬಲೂನ್ ಹಾಕಿ ಹಿಗ್ಗಿಸುವುದು, ಮತ್ತೊಂದು ಆಪರೇಷನ್. ಅಲ್ಲಿಯವರೆಗೂ ಕ್ಯಾತಿಟರ್ ಇದ್ದೇ ಇರುತ್ತದೆ. ಇದನ್ನು ಮಗನಿಗೆ ಯಾರೂ ಹೇಳಿರಲಿಲ್ಲ. ದುರ್ಬಲ ಹೃದಯಕ್ಕೆ ಫಿಸ್ಟುಲಾದ ಹೆಚ್ಚಿನ ರಕ್ತ ಹರಿವೂ ಹೊರೆಯಾಗಬಹುದು. ಎಲ್ಲರಿಗೂ ಮೊದಲು ಫಿಸ್ಟುಲಾ ಅನ್ನುವ ಪಟ್ಟನ್ನು ಅಮೆರಿಕದ ನ್ಯಾಷನಲ್ ಕಿಡ್ನಿ ಫೌಂಡೇಶನ್‌ನ 2019ರ ಮಾರ್ಗಸೂಚಿಯೂ ಸಡಿಲಿಸಿದೆ.

"ಅಮ್ಮಾ, ಡಯಾಲಿಸಿಸ್‌ನಿಂದ ನಿಮಗೇನು ಆಗಬೇಕು?" ಎಂದು ಕೇಳಿದೆ. "ರಾತ್ರಿ ಉಸಿರು ಕಟ್ಟದೆ ಮಲಗಬೇಕು. ಆ ದಪ್ಪ ಸೂಜಿ ಬೇಡ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಕ್ಯಾತಿಟರ್ ಇದ್ರೆ ತಲೆಗೆ ಸ್ನಾನ ಮಾಡಬಹುದಾ?" ಒಳ್ಳೇ ಪ್ರಶ್ನೆ. ಆ ಜಾಗ ಒದ್ದೆಯಾಗಬಾರದು, ತಲೆ ಹಿಂದಕ್ಕೆ ಬಾಗಿಸಿ ಬೇರೆಯವರೇ ತೊಳೆಯಬೇಕಾಗುತ್ತದೆ ಎಂದೆ. ಮಗಳ ಕಡೆ ನೋಡಿ ತಲೆಯಾಡಿಸಿದರು.

ಆಯ್ಕೆ ವೈದ್ಯರು ಮತ್ತು ಅಮ್ಮನದು, ನನ್ನದಲ್ಲ. ನಾನು ಹೇಳಿದ್ದು ಇಷ್ಟು: ಮೊದಲು ಕೈಯ ರಕ್ತನಾಳಗಳ ಡಾಪ್ಲರ್ ಮತ್ತು ಹೃದಯದ ಎಕೋ (ಎರಡೂ ಸ್ಕ್ಯಾನ್ ಪರೀಕ್ಷೆಗಳು) ನೋಡಿಸಿ. ಇವರ ಕೈಯಲ್ಲಿ ಫಿಸ್ಟುಲಾ ಕೂಡಿಬರುವ ಸಾಧ್ಯತೆ ಎಷ್ಟು ಎಂದು ಸರ್ಜನ್‌ರನ್ನು ನೇರವಾಗಿ ಕೇಳಿ. ಕೃತಕ ಕೊಳವೆಯಿಂದ ನಾಳಗಳನ್ನು ಜೋಡಿಸುವ ಗ್ರಾಫ್ಟ್ ಬಗ್ಗೆಯೂ ಕೇಳಿ, ಸಾಮಾನ್ಯವಾಗಿ ಅದು 2-3 ವಾರದಲ್ಲೇ ಬಳಕೆಗೆ ಬರುತ್ತದೆ. ಕ್ಯಾತಿಟರೇ ಎಂದಾದರೆ ಈಗಿನ ತಾತ್ಕಾಲಿಕದ್ದರಲ್ಲೇ ದಿನ ದೂಡಬೇಡಿ. ಚರ್ಮದಡಿ ಹಾಯಿಸಿ ಹಾಕುವ, ಹೆಚ್ಚು ಕಾಲ ಇಡಬಹುದಾದ ಕ್ಯಾತಿಟರ್ ಆದ ಪರ್ಮ್‌ಕ್ಯಾತ್ ಹಾಕಿಸಿ. ಡ್ರೆಸಿಂಗ್ ಡಯಾಲಿಸಿಸ್ ಸಿಬ್ಬಂದಿಯೇ ಬದಲಿಸಲಿ. ಚಳಿಜ್ವರ ಬಂದರೆ ಮರುದಿನಕ್ಕೆ ಕಾಯಬೇಡಿ. ಎಡಗೈಯಲ್ಲಿ ರಕ್ತ ತೆಗೆಯುವುದು, ಡ್ರಿಪ್ ಹಾಕುವುದು ಬೇಡ. ಆ ಕೈಯ ನಾಳಗಳು ಮುಂದೆ ಫಿಸ್ಟುಲಾಗೋ ಗ್ರಾಫ್ಟ್‌ಗೋ ಬೇಕಾಗಬಹುದು.

ಮೂರು ತಿಂಗಳು ನೋಡಿ, ಅಮ್ಮನಿಗೆ ಹಿತ ಎನಿಸದಿದ್ದರೆ ಡಯಾಲಿಸಿಸ್ ನಿಲ್ಲಿಸಿ ಉಪಶಾಮಕ ಆರೈಕೆಗೆ (ನೋವು, ಸಂಕಟ ಕಡಿಮೆ ಮಾಡುವ ಆರೈಕೆಗೆ) ಹೋಗುವ ದಾರಿಯೂ ಇದೆ ಎಂದಾಗ ಮಗ ಎದ್ದು ಹೊರಗೆ ಹೋದ. ಅದು ಸಹಜ. ಹೇಳದೆ ಬಿಡುವುದು ಮಾತ್ರ ಸರಿಯಲ್ಲ ಅನ್ನಿಸುತ್ತದೆ.

ಡಾಪ್ಲರ್‌ನಲ್ಲಿ ಮುಂಗೈ ನಾಳಗಳು ತೀರಾ ಸಣ್ಣ ಎಂದು ಬಂತು. ಪರ್ಮ್‌ಕ್ಯಾತ್ ಹಾಕಿದರು. ಮಗ ಇನ್ನೂ ಅರೆಮನಸ್ಸಿನಲ್ಲಿದ್ದಾನೆ. ಅಮ್ಮ ಗಟ್ಟಿಯಾದರೆ ಮೇಲ್ತೋಳಿನ ನಾಳಗಳನ್ನು ಮತ್ತೆ ನೋಡುವ ಮಾತಾಗಿದೆ.