ಗ್ರೋ ಟೂರ್ನ್ವಾ ನಾಣ್ಯದ ಮುದ್ರೆ ಓರೆಯಾಗಿದ್ದರೆ ಅದು ನಕಲಿಯೇ?

ಹರಾಜಿನಲ್ಲಿ ಕೊಂಡ, ಫ್ರಾನ್ಸಿನ ದೊರೆ ಒಂಬತ್ತನೇ ಲೂಯಿಯ ಗ್ರೋ ಟೂರ್ನ್ವಾ ಬೆಳ್ಳಿ ನಾಣ್ಯದ ಮುದ್ರೆ ಒಂದು ಬದಿಗೆ ಸರಿದಿದೆ, ಅಂಚಿನಲ್ಲಿ ಸಣ್ಣ ಬಿರುಕಿದೆ, ತೂಕ 4.05 ಗ್ರಾಂ ಇದೆ, ಇದು ನಕಲಿಯೇ, ಯಾವ ಟಂಕಸಾಲೆಯದು, ಹುಣಸೆಹಣ್ಣಿನಲ್ಲಿ ಉಜ್ಜಬಹುದೇ ಎಂದು ಕೇಳಿದ್ದೀರಿ. ನೀವು ದೋಷವೆಂದು ಬಗೆದಿರುವ ಓರೆ ಮತ್ತು ಬಿರುಕು ಎರಡೂ ಸುತ್ತಿಗೆಯೇಟಿನ ನಾಣ್ಯಕ್ಕೆ ಸಹಜವಾದವು. ಇಂಥ ನಾಣ್ಯಗಳನ್ನು ಹಲವು ವರ್ಷಗಳಿಂದ ಕೂಡಿಡುತ್ತಿರುವ ನನಗೆ, ತೀರಾ ದುಂಡಗೆ, ಎಲ್ಲ ಕಡೆಯೂ ಒಂದೇ ಸಮನಾಗಿರುವುದನ್ನು ಕಂಡಾಗಲೇ ಹೆಚ್ಚು ಅನುಮಾನ ಬರುತ್ತದೆ.

ಆಗ ಕೆಳಗಿನ ಅಚ್ಚನ್ನು ಮರದ ದಿಮ್ಮಿಯಲ್ಲಿ ನೆಟ್ಟು, ಅದರ ಮೇಲೆ ಬೆಳ್ಳಿಯ ಬಿಲ್ಲೆಯನ್ನಿಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಸುತ್ತಿಗೆಯಿಂದ ಹೊಡೆಯುತ್ತಿದ್ದರು. ಕೈ ಒಂದಿಷ್ಟು ಅಲುಗಿದರೆ ಮುದ್ರೆ ಸರಿಯುತ್ತಿತ್ತು. ಏಟಿನ ರಭಸಕ್ಕೆ ಬೆಳ್ಳಿ ಹರಡಿಕೊಳ್ಳುವಾಗ ಅಂಚು ಸೀಳುವುದೂ ಇತ್ತು.

ತೂಕದ ವಿಷಯಕ್ಕೆ ಬಂದರೆ, 1266ರಲ್ಲಿ ಲೂಯಿ ಈ ನಾಣ್ಯವನ್ನು ಹೊರಡಿಸಿದಾಗ ಪ್ಯಾರಿಸ್ ಮಾರ್ಕ್ ಎಂಬ ಸುಮಾರು 244.75 ಗ್ರಾಂನ ತೂಕದ ಅಳತೆಗೆ 58 ನಾಣ್ಯಗಳೆಂಬ ಲೆಕ್ಕವಿತ್ತು, ಅಂದರೆ ಒಂದಕ್ಕೆ 4.22 ಗ್ರಾಂ. ಕೈಯಿಂದ ಕೈಗೆ ಹೋಗಿ ಸವೆದ ನಾಣ್ಯ 4.05ಕ್ಕೆ ಇಳಿದಿದ್ದರೆ ಅದರಲ್ಲಿ ಆಶ್ಚರ್ಯವೇನಿಲ್ಲ. ಶಿಲುಬೆಯಿರುವ ಬದಿಯಲ್ಲಿ ಎರಡು ಸುತ್ತು ಬರಹವಿರಬೇಕು: ಒಳಗೆ ಲುಡೋವಿಕಸ್ ರೆಕ್ಸ್ ಎಂಬ ದೊರೆಯ ಹೆಸರು, ಹೊರಗೆ ದೇವರ ನಾಮಸ್ತುತಿ. ಹೊರಸುತ್ತಿನ ಅಕ್ಷರಗಳ ತಲೆ ಹಾರಿದ್ದರೆ, ಹಳೆಯ ಕಾಲದಲ್ಲೇ ಯಾರೋ ಕತ್ತರಿಯಿಂದ ಅಂಚಿನ ಬೆಳ್ಳಿಯನ್ನು ಕದ್ದಿರಬಹುದು. ಇನ್ನೊಂದು ಬದಿಯ ಕೋಟೆಯಾಕಾರದ ಸುತ್ತ ಲಿಲ್ಲಿ ಹೂಗಳನ್ನು ಎಣಿಸಿ ನೋಡಿ, 12 ಇರಬೇಕು. ನಾಣ್ಯವೊಂದಕ್ಕೆ 12 ದೆನಿಯೇ, ಅಂದರೆ ಆ ಕಾಲದ 12 ಚಿಲ್ಲರೆ ನಾಣ್ಯ, ಎಂಬ ಬೆಲೆಯನ್ನು ಆ ಹೂಗಳೇ ಹೇಳುತ್ತವೆ. ಮುಂದೆ ದೊರೆ ನಾಲ್ಕನೇ ಫಿಲಿಪ್ಪನು ದೆನಿಯೇಗಳಲ್ಲಿ ಬೆಳ್ಳಿಯನ್ನು ಇಳಿಸಿದಾಗ ಗ್ರೋ ನಾಣ್ಯದ ಬೆಲೆ 12ನ್ನು ದಾಟಿ ಏರಿತು, ಆದರೂ ಹೂಗಳ ಸಂಖ್ಯೆ ಮಾತ್ರ ಹಾಗೆಯೇ ಉಳಿಯಿತು. ನನಗೆ ಈ ನಾಣ್ಯದ ಮೇಲೆ ಮೋಹ ಹುಟ್ಟಿದ್ದೇ ಈ ವಿಚಿತ್ರದಿಂದ.

ಟಂಕಸಾಲೆಯ ಗುರುತನ್ನು ನಿಮ್ಮ ನಾಣ್ಯದಲ್ಲಿ ಹುಡುಕಬೇಡಿ. ಯಾವ ಟಂಕಸಾಲೆಯದೆಂದು ತಿಳಿಯಲು ಬರಹದ ಇಂತಿಷ್ಟನೇ ಅಕ್ಷರದ ಕೆಳಗೆ ಗುಟ್ಟಿನ ಚುಕ್ಕೆಯಿಡುವ ಪದ್ಧತಿ ಬಂದದ್ದು 1389ರಲ್ಲಿ, ಆರನೇ ಚಾರ್ಲ್ಸನ ಕಾಲದಲ್ಲಿ. ಆಗ 18ನೇ ಅಕ್ಷರದ ಚುಕ್ಕೆ ಪ್ಯಾರಿಸ್ಸಿನದು, 15ನೆಯದು ರೂವಾನಿನದು. ಟೂರ್ ನಗರದ ಹೆಸರು ನಿಮ್ಮ ನಾಣ್ಯದ ಮೇಲಿದ್ದರೂ ಅದು ಅಲ್ಲಿಯೇ ಅಚ್ಚಾಯಿತೆಂದು ಅರ್ಥವಲ್ಲ.

ಇನ್ನು ಹುಣಸೆಹಣ್ಣು ದೀಪದ ಕಂಬಕ್ಕಿರಲಿ, ಇದಕ್ಕೆ ಬೇಡ. ನಾನು ಮೊದಲು ಕೊಂಡ ಫಿಲಿಪ್ ನಾಣ್ಯವನ್ನು ವ್ಯಾಪಾರಿಯೊಬ್ಬರು ಥಳಥಳಿಸುವಂತೆ ಉಜ್ಜಿಟ್ಟಿದ್ದರು. ಅಕ್ಷರಗಳ ಸಂದಿನ ಕಪ್ಪು ಹೋಗಿ, ಓದಲು ನೆರವಾಗುತ್ತಿದ್ದ ನೆರಳೇ ಇಲ್ಲವಾಗಿತ್ತು, ಮಾರಲು ಹೋದಾಗ ಕೊಟ್ಟ ಬೆಲೆಯ ಅರ್ಧವೂ ಬರಲಿಲ್ಲ. ಅಸಲಿ ನಕಲಿಯ ತೀರ್ಮಾನಕ್ಕೆ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಎರಕದ ನಕಲಿನಲ್ಲಿ ಅಂಚಿನ ಸುತ್ತ ಬೆಸುಗೆಯಂಥ ಗೆರೆಯೋ ಅದನ್ನು ಅರದಿಂದ ಉಜ್ಜಿದ ಗುರುತೋ, ಮೈಮೇಲೆ ಸೂಜಿಮೊನೆಯಂಥ ಗುಳಿಗಳೋ ಕಾಣುತ್ತವೆ. ಅಂಚಿನ ಚಿತ್ರವೊಂದನ್ನು ಹಾಕಿದರೆ ನಾನೂ ನೋಡಿ ಹೇಳುತ್ತೇನೆ.