ಮೇಲಿನ ಬಾತ್‌ರೂಮಿನಿಂದ ಕೆಳಗಿನ ರೂಮಿಗೆ ನೀರು ಇಳಿಯುತ್ತಿದೆ. ಹಳೇ ಟೈಲ್ಸ್ ಮೇಲೆ ಹೊಸ ಟೈಲ್ಸ್ ಹಾಕಿಸಿದರೆ ನಿಲ್ಲುತ್ತದಾ?

ನಿಲ್ಲುವುದಿಲ್ಲ. ನಾಲ್ಕೈದು ತಿಂಗಳು ನಿಂತ ಹಾಗೆ ಕಾಣಬಹುದು, ಆಮೇಲೆ ಮತ್ತೆ ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಹೀಗೇ ಆಯಿತು. ನಿಮ್ಮ ದುಡ್ಡು ಹಾಗೆ ಹೋಗಬಾರದು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮದು 22 ವರ್ಷದ ಮನೆ, ಮಹಡಿ ಬಾತ್‌ರೂಮಿನ ಕೆಳಗೆ ಅಮ್ಮ ಮಲಗುವ ರೂಮು, ಸೂರಿನ ಮೂಲೆಯಲ್ಲಿ ತೇವ ಬಂದು ಬಣ್ಣ ಉದುರುತ್ತಿದೆ ಅಂದಿದ್ದೀರಿ. ನಮ್ಮದು ಮೈಸೂರಿನಲ್ಲಿ ಅಪ್ಪ 1994ರಲ್ಲಿ ಕಟ್ಟಿಸಿದ ಮನೆ. ತೇವ ಬಂದಿದ್ದು ದೇವರ ಮನೆ ಗೋಡೆಗೆ. 2016ರಲ್ಲಿ ನಾವೂ ಟೈಲ್ಸ್ ಮೇಲೆ ಟೈಲ್ಸ್ ಹಾಕಿಸಿದೆವು. ನೆಲ ಮುಕ್ಕಾಲು ಇಂಚು ಮೇಲೆ ಬಂತು. ಬಾಗಿಲಿನ ಅಡಿಯನ್ನು ಕೊಯ್ಯಿಸಬೇಕಾಯಿತು. ಹೊಸ್ತಿಲ ಹತ್ತಿರ ಇದ್ದ ತಗ್ಗು ಮುಚ್ಚಿಹೋಗಿ ಸ್ನಾನದ ನೀರು ರೂಮಿಗೆ ಹರಿಯತೊಡಗಿತು. ದೇವರ ಮನೆ ಗೋಡೆ ಮಾತ್ರ ದೀಪಾವಳಿ ಹೊತ್ತಿಗೆ ಮತ್ತೆ ಒದ್ದೆ. ನೀರು ಸೋರುತ್ತಿದ್ದ ಜಾಗವೇ ಬೇರೆ ಇತ್ತು, ಅದನ್ನು ನಾವು ಹುಡುಕಿಯೇ ಇರಲಿಲ್ಲ.

ಆದ್ದರಿಂದ ಮೇಸ್ತ್ರಿಗೆ ಸುತ್ತಿಗೆ ಎತ್ತಲು ಹೇಳುವ ಮೊದಲು ಯಾವ ನೀರು ಸೋರುತ್ತಿದೆ ಅಂತ ಪತ್ತೆ ಮಾಡಿ. ಟ್ಯಾಂಕಿನಿಂದ ನಲ್ಲಿಗೆ ಬರುವ ನೀರು ಇರಬಹುದು, ಬಳಸಿ ಪೈಪಿನಲ್ಲಿ ಹೊರಗೆ ಹೋಗುವ ನೀರು ಇರಬಹುದು, ನೆಲದ ಮೇಲೆ ಬಿದ್ದು ಟೈಲ್ಸ್ ಸಂದಿಯಲ್ಲಿ ಇಳಿಯುವ ನೀರು ಇರಬಹುದು. ಮೂರಕ್ಕೂ ರಿಪೇರಿ ಬೇರೆ ಬೇರೆ.

ಬಾತ್‌ರೂಮನ್ನು ಎರಡು ದಿನ ಯಾರೂ ಬಳಸಬೇಡಿ, ಆದರೆ ಟ್ಯಾಂಕಿನಿಂದ ಬರುವ ನೀರಿನ ವಾಲ್ವ್ ತೆರೆದೇ ಇರಲಿ. ಆಗಲೂ ತೇವ ಹೊಸದಾಗಿ ಹರಡುತ್ತಿದ್ದರೆ ಗೋಡೆಯೊಳಗಿನ ಪೈಪಿನ ಮೇಲೆ ಅನುಮಾನ ಪಡಿ. ಆ ಪೈಪಿನಲ್ಲಿ ಹಗಲು ರಾತ್ರಿ ಒತ್ತಡ ಇರುತ್ತದೆ, ನೀವು ಸ್ನಾನ ಮಾಡಿದರೂ ಮಾಡದಿದ್ದರೂ ಅದು ಸೋರುತ್ತದೆ. ಹಳೇ ಮನೆಗಳಲ್ಲಿ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ ಪೈಪ್) ಹಾಕಿರುತ್ತಾರೆ, ಇಷ್ಟು ವರ್ಷಕ್ಕೆ ಒಳಗಿನಿಂದ ತುಕ್ಕು ಹಿಡಿದಿರುವುದು ಸಾಮಾನ್ಯ. ಹಾಗಾಗದಿದ್ದರೆ ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಬೆರೆಸಿ, ನೆಲಕ್ಕೆ ತಾಗದಂತೆ ನೇರವಾಗಿ ನಹಾನಿ ಟ್ರ್ಯಾಪಿನೊಳಗೆ (ನೆಲದ ನೀರು ಹೊರಹೋಗುವ ಜಾಲರಿ ಬಾಯಿಗೆ) ಸುರಿಯಿರಿ. ಐದಾರು ಬಕೆಟ್ ಆದರೂ ಬೇಕು. ಕೆಳಗೆ ತೇವ ಜಾಸ್ತಿಯಾದರೆ ಹೊರಹೋಗುವ ಪೈಪಿನ ಜಾಯಿಂಟು ಬಿಟ್ಟಿದೆ ಅಂತ ಅರ್ಥ. ನೀಲಿ ಬಣ್ಣವೇ ಕಾಣಬೇಕೆಂದಿಲ್ಲ, ನೆಲದಡಿ ತುಂಬಿರುವ ಇಟ್ಟಿಗೆ ಚೂರಿನ ಮೂಲಕ ಬರುವಾಗ ಅದು ತಿಳಿಯಾಗಿಬಿಡುತ್ತದೆ. ಕೊನೆಗೆ ಟ್ರ್ಯಾಪಿನ ಬಾಯಿಗೆ ಪ್ಲಾಸ್ಟಿಕ್ ಕವರಿನಲ್ಲಿ ಬಟ್ಟೆ ತುಂಬಿ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಇಂಚು ನೀರು ನಿಲ್ಲಿಸಿ, ಗೋಡೆಗೆ ಪೆನ್ಸಿಲ್ ಗುರುತು ಹಾಕಿ 24 ಗಂಟೆ ಬಿಡಿ. ಆಗ ಕೆಳಗೆ ತೇವ ಬಂದರೆ ನೆಲದ್ದೇ ತಪ್ಪು.

ಒಂದೊಂದು ಪರೀಕ್ಷೆಗೂ ನಡುವೆ ಒಂದೆರಡು ದಿನ ಒಣಗಲು ಬಿಡಿ. ಇಲ್ಲದಿದ್ದರೆ ಯಾವುದರ ನೀರು ಯಾವುದು ಅಂತ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಎರಡನೆಯದು ಸಿಕ್ಕಿತು. 2019ರಲ್ಲಿ ಎಲ್ಲ ಒಡೆಸಿದಾಗ ನಹಾನಿ ಟ್ರ್ಯಾಪಿಗೂ ಪೈಪಿಗೂ ನಡುವಿನ ಸಿಮೆಂಟ್ ಜಾಯಿಂಟು ಬೆರಳು ತೂರುವಷ್ಟು ಬಿಟ್ಟುಕೊಂಡಿತ್ತು. ಬಾತ್‌ರೂಮಿನ ಮೋಲ್ಡನ್ನು, ಅಂದರೆ ಕಾಂಕ್ರೀಟ್ ಸ್ಲ್ಯಾಬನ್ನು, ಸುಮಾರು ಒಂದು ಅಡಿ ತಗ್ಗಿಸಿ ಹಾಕಿ, ಅದರಲ್ಲಿ ಪೈಪ್ ಮಲಗಿಸಿ, ಮೇಲೆ ಇಟ್ಟಿಗೆ ಚೂರು ತುಂಬುವುದು ನಮ್ಮ ಕಡೆಯ ಪದ್ಧತಿ ಅಲ್ವಾ. ಆ ಇಡೀ ಗುಂಡಿಯೇ ನೀರಿನ ತೊಟ್ಟಿಯಾಗಿತ್ತು. ಚೂರುಗಳು ಕಪ್ಪಾಗಿ ನಾರುತ್ತಿದ್ದವು. ಅಪ್ಪ ಅದನ್ನು ನೋಡಿ ತುಂಬಾ ಹೊತ್ತು ಮಾತಾಡಲಿಲ್ಲ. ಇಷ್ಟು ವರ್ಷ ಇದರ ಕೆಳಗೇ ಕೂತು ಪೂಜೆ ಮಾಡಿದ್ದೆ ಅಂತ ಆಮೇಲೆ ಹೇಳಿದರು.

ಪೂರ್ತಿ ಒಡೆಸುವುದೇ ಆದರೆ ಮೋಲ್ಡ್ ಕಾಣುವವರೆಗೂ ಒಡೆಸಿ. ಅಲ್ಲಿಂದ ಮೇಲೆ ಬರುವ ಪ್ರತಿ ಪದರವನ್ನೂ ನಿಂತು ನೋಡಿ. ಬಿಸಿನೀರಿಗೆ ಸಿಪಿವಿಸಿ ಪೈಪೇ ಹಾಕಿಸಿ, ಮಾಮೂಲಿ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಪೈಪಿಗಾಗಿ ಗೋಡೆಯಲ್ಲಿ ಕೊರೆದ ಸಂದನ್ನು ಮುಚ್ಚುವ ಮೊದಲು ಪ್ಲಂಬರ್ ಕೈ ಪಂಪಿನಿಂದ ಒತ್ತಡ ಕೊಟ್ಟು ಒಂದು ರಾತ್ರಿ ಬಿಡಲಿ. ಬೆಳಿಗ್ಗೆ ಗೇಜಿನ ಮುಳ್ಳು ಇಳಿದಿರಬಾರದು. ಅದೇ ಹೊತ್ತಿಗೆ ಗೋಡೆಗೆ ಅಳತೆ ಟೇಪ್ ಹಿಡಿದು ಪೈಪುಗಳ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕನ್ನಡಿಗೆ ಮೊಳೆ ಹೊಡೆಯುವಾಗ ಉಪಯೋಗಕ್ಕೆ ಬರುತ್ತದೆ.

ಗುಂಡಿಯ ತಳಕ್ಕೂ ಪಕ್ಕದ ಗೋಡೆಗೂ ವಾಟರ್‌ಪ್ರೂಫಿಂಗ್ ಎರಡು ಕೋಟ್ ಬೇಕು. ಮೂಲೆಗಳಲ್ಲಿ ಮತ್ತು ಪೈಪ್ ಹೊರಹೋಗುವ ಕಡೆ ಫೈಬರ್ ಜಾಲರಿ ಅಂಟಿಸಬೇಕು, ಏಕೆಂದರೆ ಬಿರುಕು ಬಿಡುವುದು ಅಲ್ಲೇ. ತಳದಲ್ಲಿ ಹೊರಗೋಡೆಯ ಕಡೆಗೆ ಒಂದು ಸಣ್ಣ ಪೈಪ್ ಬಿಡಿಸಿ. ಮುಂದೆ ಎಂದಾದರೂ ಒಳಗೆ ನೀರು ನಿಂತರೆ ಅಲ್ಲಿಂದ ತೊಟ್ಟಿಕ್ಕುತ್ತದೆ, ಅಮ್ಮನ ರೂಮಿಗೆ ಇಳಿಯುವ ಮೊದಲೇ ನಿಮಗೆ ಗೊತ್ತಾಗುತ್ತದೆ. ತುಂಬುವುದಕ್ಕೆ ಒಡೆದ ಹಳೇ ಟೈಲ್ಸ್ ಚೂರನ್ನೇ ವಾಪಸ್ ಹಾಕಲು ಬಿಡಬೇಡಿ. ಚೂಪಾದ ತುದಿ ಕೋಟ್ ಅನ್ನು ತೂತು ಮಾಡುತ್ತದೆ.

ಈಗ ಮುಖ್ಯವಾದ ಮಾತು. ಕೋಟ್ ಒಣಗಿದ ಮೇಲೆ, ಏನನ್ನೂ ತುಂಬುವ ಮೊದಲು, ಆ ಗುಂಡಿಯಲ್ಲಿ ನೀರು ನಿಲ್ಲಿಸಿ 48 ಗಂಟೆ ಕಾಯಿರಿ. ತುಂಬಿ ಗಾರೆ ಹಾಕಿದ ಮೇಲೆ ನೆಲಕ್ಕೂ ಕೋಟ್ ಕೊಡಿಸಿ, ಟೈಲ್ಸ್‌ಗೆ ಮೊದಲು ಇನ್ನೊಮ್ಮೆ ನೀರು ನಿಲ್ಲಿಸಿ ನೋಡಿ. ಸ್ನಾನದ ಜಾಗದಲ್ಲಿ ಆ ಕೋಟ್ ಗೋಡೆಯ ಮೇಲೆ ಆರು ಅಡಿವರೆಗೂ ಹೋಗಲಿ. ಕಾಯುವುದಕ್ಕೆ ಮೇಸ್ತ್ರಿ ಸುಲಭಕ್ಕೆ ಒಪ್ಪುವುದಿಲ್ಲ. ಕೆಲಸದವರನ್ನು ಕೂರಿಸಿ ಕೂಲಿ ಕೊಡಬೇಕಾಗುತ್ತದಲ್ಲ, ಅವರ ಕಷ್ಟವೂ ನಿಜವೇ. ನಾವು ಆ ದಿನಗಳಿಗೆ ಅಂತಲೇ ಕಾಂಪೌಂಡ್ ಗಿಲಾವು ಮತ್ತು ಬಾಗಿಲ ಕೆಲಸ ಇಟ್ಟುಕೊಂಡಿದ್ದೆವು. ನೀವೂ ಏನಾದರೂ ಸಣ್ಣ ಕೆಲಸ ಉಳಿಸಿಕೊಳ್ಳಿ. ಈ ಮಾತನ್ನು ಅಡ್ವಾನ್ಸ್ ಕೊಡುವ ಮೊದಲೇ ಆಡಿಬಿಡಿ.

ನೆಲದ ವಾಟ (ಇಳಿಜಾರು) ಸರಿ ಇಲ್ಲದಿದ್ದರೆ ಎಷ್ಟು ಕೋಟ್ ಕೊಟ್ಟರೂ ನೀರು ಮೂಲೆಯಲ್ಲಿ ನಿಲ್ಲುತ್ತದೆ. ಪ್ರತಿ ಅಡಿಗೆ 3ರಿಂದ 4 ಮಿಲಿಮೀಟರ್ ಇಳಿಜಾರು ಟ್ರ್ಯಾಪಿನ ಕಡೆ ಇರಲಿ. ನಮ್ಮದು 7 ಅಡಿ ಉದ್ದದ ಬಾತ್‌ರೂಮ್, ಒಂದು ಇಂಚಿನಷ್ಟು ಬಂತು. ಇದಕ್ಕೇ ನೆಲಕ್ಕೆ ದೊಡ್ಡ ಟೈಲ್ಸ್ ಬೇಡ, ಒಂದಡಿಯದ್ದು ಸಾಕು. ಎರಡಡಿಯ ಟೈಲನ್ನು ನಾಲ್ಕೂ ಕಡೆಯಿಂದ ವಾಟಕ್ಕೆ ಬಗ್ಗಿಸಲು ಆಗುವುದಿಲ್ಲ. ಅಮ್ಮನೂ ಬಳಸುತ್ತಾರಾದರೆ ಒರಟು ಮೈಯ ಟೈಲ್ಸ್ ತನ್ನಿ, ಅಂಗಡಿಯಲ್ಲೇ ನೀರು ಚೆಲ್ಲಿ ಕೈಯಿಂದ ಉಜ್ಜಿ ನೋಡಿ. ಕಮೋಡಿನ ಪಕ್ಕ ಹಿಡಿದು ಏಳಲು ಸ್ಟೀಲ್ ಹಿಡಿ ಹಾಕಿಸಿ. ಬಣ್ಣ, ಡಿಸೈನು ನಿಮ್ಮಿಷ್ಟ.

ಇದೇ ಸಮಯದಲ್ಲಿ ಗೀಸರ್ ವೈರಿಂಗ್ ನೋಡಿಸಿಬಿಡಿ. ಅರ್ಥಿಂಗ್ ಇದೆಯಾ, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಆಫ್ ಆಗುವ ಸ್ವಿಚ್) ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಪರೀಕ್ಷೆ ಮಾಡಿಸಿ. ಒದ್ದೆ ಮೈಯಲ್ಲಿ ಶಾಕ್ ಹೊಡೆದರೆ ಜೀವವೇ ಹೋಗಬಹುದು. ಇದರಲ್ಲಿ ದಯವಿಟ್ಟು ಉಳಿತಾಯ ಮಾಡಬೇಡಿ.

ಕೆಳಗಿನ ಸೂರಿಗೆ ಈಗಲೇ ಪುಟ್ಟಿ, ಪೇಂಟು ಹಚ್ಚಿಸಬೇಡಿ. ಮೇಲಿನ ಕೆಲಸ ಮುಗಿದ ಮೇಲೂ ಒಣಗಲು ಒಂದೆರಡು ತಿಂಗಳು ಬೇಕಾಗಬಹುದು. ಉದುರಿದ ಕಡೆ ತುಕ್ಕು ಹಿಡಿದ ಕಂಬಿ ಕಾಣುತ್ತಿದೆಯಾ ಅಂತ ಟಾರ್ಚ್ ಹಾಕಿ ನೋಡಿ. ಕಂಡರೆ ಗಾರೆ ಮೆತ್ತಿ ಮುಚ್ಚಬೇಡಿ, ಮೊದಲು ಎಂಜಿನಿಯರಿಗೆ ತೋರಿಸಿ. ಅಲ್ಲಿಯವರೆಗೂ ಅಮ್ಮನ ಮಂಚವನ್ನು ಆ ಮೂಲೆಯಿಂದ ಸರಿಸಿಡಿ.