ಕಾರ್ಖಾನೆಯ ಧೂಳು ಕುಳಿತರೆ ಮರದ ಎಲೆಗಳು ಏಕೆ ಸೊರಗುತ್ತವೆ?

ಧೂಳಿನ ಪದರವು ಎಲೆಗೆ ತಲುಪಬೇಕಾದ ಬೆಳಕನ್ನು ತಡೆಯುತ್ತದೆ ಮತ್ತು ಎಲೆ ಉಸಿರಾಡುವ ಸೂಕ್ಷ್ಮ ರಂಧ್ರಗಳ ಕೆಲಸವನ್ನು ಕೆಡಿಸುತ್ತದೆ. ಇದರಿಂದ ದ್ಯುತಿಸಂಶ್ಲೇಷಣೆ, ಅಂದರೆ ಬೆಳಕಿನ ನೆರವಿನಿಂದ ಆಹಾರ ತಯಾರಿಸುವ ಕ್ರಿಯೆ, ಕುಗ್ಗಿ ಎಲೆಯು ಹಳದಿಗಟ್ಟುತ್ತದೆ ಮತ್ತು ಹಲವು ವೇಳೆ ಅಕಾಲದಲ್ಲಿ ಉದುರುತ್ತದೆ.

ಪತ್ರರಂಧ್ರಗಳೆಂದು ಕರೆಯುವ ಈ ಬಾಯಿಗಳು ತೆರೆದಾಗ ಕೆಲವೇ ಮೈಕ್ರೋಮೀಟರ್ ಅಗಲವಿರುತ್ತವೆ (1 ಮೈಕ್ರೋಮೀಟರ್ ಎಂದರೆ ಮಿಲಿಮೀಟರಿನ 1000ದಲ್ಲಿ ಒಂದು ಪಾಲು). ಅವುಗಳ ಮೂಲಕವೇ ಇಂಗಾಲದ ಡೈಆಕ್ಸೈಡ್ ಒಳಬರುತ್ತದೆ, ನೀರಾವಿ ಹೊರಹೋಗುತ್ತದೆ. ಸಣ್ಣ ಕಣಗಳು ಅಲ್ಲಿ ಸಿಕ್ಕಿಕೊಂಡರೆ ಅನಿಲದ ಸಂಚಾರಕ್ಕೆ ಅಡ್ಡಿಯಾಗುವುದಷ್ಟೇ ಅಲ್ಲ, ರಂಧ್ರವು ಪೂರ್ತಿ ಮುಚ್ಚಿಕೊಳ್ಳಲೂ ಆಗದೆ, ನೀರನ್ನು ಉಳಿಸಿಕೊಳ್ಳಬೇಕಾದ ಹೊತ್ತಿನಲ್ಲೂ ಅದು ಸೋರಿಹೋಗಬಹುದು. ಬಹಳಷ್ಟು ಮರಗಳಲ್ಲಿ ಈ ರಂಧ್ರಗಳು ಎಲೆಯ ಕೆಳಮೈಯಲ್ಲೇ ಹೆಚ್ಚಾಗಿರುವುದರಿಂದ, ಮೇಲ್ಮೈಯ ಧೂಳಿನ ಮುಖ್ಯ ಹಾನಿ ನೆರಳು ಮತ್ತು ಶಾಖದ್ದು: ಗಾಢ ಬಣ್ಣದ ಧೂಳು ಬಿಸಿಲನ್ನು ಹೀರಿ ಎಲೆಯನ್ನು ಇನ್ನಷ್ಟು ಕಾಯಿಸುತ್ತದೆ.

ಧೂಳು ಯಾವುದರದು ಎಂಬುದೂ ಮುಖ್ಯ. ಕಲ್ಲುಪುಡಿಯನ್ನು ಜೋರು ಮಳೆ ಬಹುಮಟ್ಟಿಗೆ ತೊಳೆಯುತ್ತದೆ. ಆದರೆ ಸಿಮೆಂಟ್ ಧೂಳಿನ ವಿಷಯದಲ್ಲಿ ಮಳೆಯನ್ನು ನಂಬಿ ಕೂರುವುದು ತಪ್ಪು. ಇಬ್ಬನಿಯೋ ತುಂತುರೋ ತಾಗಿದರೆ ಅದು ಗಟ್ಟಿ ಪೊರೆಯಾಗಿ ಅಂಟಿಕೊಳ್ಳುತ್ತದೆ, ಆಗ ಉಂಟಾಗುವ ಸುಣ್ಣದಂಥ ಕ್ಷಾರೀಯ ದ್ರಾವಣವು ಎಲೆಯ ಮೇಣದ ಹೊದಿಕೆಯನ್ನೂ ಅದರಡಿಯ ಜೀವಕೋಶಗಳನ್ನೂ ಸುಡುತ್ತದೆ. ಒರಟಾದ, ರೋಮಗಳಿರುವ ಎಲೆಗಳು ನುಣುಪಾದವುಗಳಿಗಿಂತ ಹೆಚ್ಚು ಧೂಳನ್ನು ಹಿಡಿದಿಟ್ಟುಕೊಳ್ಳುತ್ತವೆ. ಕಾರ್ಖಾನೆಯ ಸುತ್ತ ಧೂಳು ತಡೆಯಲು ಬೆಳೆಸುವ ಮರಗಳ ಸಾಲಿಗೆ, ಅಂದರೆ ಹಸಿರು ಪಟ್ಟಿಗೆ, ಇಂಥ ಮರಗಳನ್ನೇ ಆರಿಸುವುದುಂಟು. ಗಾಳಿಯನ್ನು ಶುದ್ಧಗೊಳಿಸುವ ಆ ಮರಗಳೇ ಹೆಚ್ಚು ಹೊರೆ ಹೊರುವುದರಿಂದ, ಒಣ ತಿಂಗಳುಗಳಲ್ಲಿ ಅವುಗಳ ಎಲೆಗಳಿಗೆ ಧಾರಾಳವಾಗಿ ನೀರು ಸಿಂಪಡಿಸಿ ತೊಳೆಯುವುದು ಅಗತ್ಯ.